ರಿವಾಲ್ವರ್ ಕ್ಯಾಲಿಬರ್ ಆಯ್ಕೆ

ರಿವಾಲ್ವರ್ ಎಂಬುದು ಸಿಲಿಂಡರ್ ಎಂಬ ತಿರುಗುವ ಉರುಳೆಯಲ್ಲಿ ಸಾಮಾನ್ಯವಾಗಿ ಐದರಿಂದ ಎಂಟು ಕಾಡತೂಸುಗಳನ್ನು ಇರಿಸಿಕೊಂಡು, ಅವುಗಳನ್ನು ಒಂದೊಂದಾಗಿ ಹಾರಿಸುವ ಕೈಬಂದೂಕು. ಅದರ ನಳಿಕೆಯ ಒಳವ್ಯಾಸವನ್ನೂ, ಆ ನಳಿಕೆಗೆ ಹೊಂದುವ ಕಾಡತೂಸಿನ ಜಾತಿಯನ್ನೂ ಸೂಚಿಸುವ ಅಳತೆಗೆ ಕ್ಯಾಲಿಬರ್ ಎಂದು ಹೆಸರು. ಭಾರತದಲ್ಲಿ ಇದೇ ಅರ್ಥದಲ್ಲಿ 'ಬೋರ್' ಎಂಬ ಪದ ಹೆಚ್ಚು ಬಳಕೆಯಲ್ಲಿದೆ. ಬೇಟೆ ಮತ್ತು ಆತ್ಮರಕ್ಷಣೆ ಎಂಬ ಎರಡು ಉದ್ದೇಶಗಳಿಗೆ ಯಾವ ಕ್ಯಾಲಿಬರ್ ತಕ್ಕದ್ದು ಎಂಬ ಪ್ರಶ್ನೆ, ಕೈಬಂದೂಕಿನಿಂದ ಬೇಟೆಯಾಡುವುದು ಕಾನೂನುಬದ್ಧವಾಗಿರುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಚರ್ಚೆಗೆ ಒಳಗಾಗಿದೆ. ಈ ಚರ್ಚೆಯಲ್ಲಿ ಗುಂಡಿನ ತೂಕ, ವೇಗ, ಒಳಹೊಗುವ ಆಳ, ಬಂದೂಕಿನ ಹಿಂದೊದೆತ, ಹಾರಿಸುವವರ ಅಭ್ಯಾಸ ಹಾಗೂ ಆಯಾ ನಾಡಿನ ಕಾನೂನು ಇವೆಲ್ಲವೂ ಸೇರಿವೆ.

ಕ್ಯಾಲಿಬರ್ ಎಂಬ ಅಳತೆ

ಅಮೆರಿಕ ಮತ್ತು ಬ್ರಿಟನ್ನಿನ ಪದ್ಧತಿಯಲ್ಲಿ ಕ್ಯಾಲಿಬರನ್ನು ಅಂಗುಲದ ದಶಮಾಂಶದಲ್ಲಿ ಹೇಳಲಾಗುತ್ತದೆ. .45 ಎಂದರೆ ಸುಮಾರು ನೂರರಲ್ಲಿ ನಲವತ್ತೈದು ಅಂಗುಲ, ಅಂದರೆ 11.4 ಮಿ.ಮೀ. ಯೂರೋಪಿನ ಇತರ ದೇಶಗಳು ಮಿಲಿಮೀಟರ್ ಅಳತೆಯನ್ನು ಬಳಸುತ್ತವೆ. ಆದರೆ ಹೆಸರಿನಲ್ಲಿರುವ ಅಂಕಿಯನ್ನು ನಿಖರವಾದ ಅಳತೆಯೆಂದು ತಿಳಿಯುವಂತಿಲ್ಲ. .38 ಸ್ಪೆಷಲ್ ಕಾಡತೂಸಿನ ಗುಂಡಿನ ನಿಜವಾದ ವ್ಯಾಸ ಸುಮಾರು .357 ಅಂಗುಲ. .44 ಮ್ಯಾಗ್ನಮ್ ಗುಂಡಿನ ವ್ಯಾಸ ಸುಮಾರು .429 ಅಂಗುಲ.

ಈ ವ್ಯತ್ಯಾಸಕ್ಕೆ ಚಾರಿತ್ರಿಕ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹಿತ್ತಾಳೆಯ ಕಾಡತೂಸುಗಳು ಬಳಕೆಗೆ ಬಂದಾಗ, ಗುಂಡಿನ ಹೊರವ್ಯಾಸವೂ ಕೋಶದ ಹೊರವ್ಯಾಸವೂ ಒಂದೇ ಆಗಿರುತ್ತಿದ್ದವು. ಗುಂಡಿನ ಹಿಂಭಾಗ ಮಾತ್ರ ಕಿರಿದಾಗಿದ್ದು ಕೋಶದೊಳಗೆ ಕೂರುತ್ತಿತ್ತು. ಮುಂದೆ ಇಡೀ ಗುಂಡನ್ನು ಕೋಶದೊಳಗೆ ಕೂರುವಂತೆ ಕಿರಿದುಮಾಡಲಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು.

ಒಂದೇ ಅಂಕಿಯ ಹೆಸರಿದ್ದರೂ ಕಾಡತೂಸುಗಳು ಬೇರೆಬೇರೆಯಾಗಿರಬಹುದು. .38 ಸ್ಮಿತ್ ಅಂಡ್ ವೆಸನ್ ಮತ್ತು .38 ಸ್ಪೆಷಲ್ ಇವೆರಡೂ '.38' ಆಗಿದ್ದರೂ ಮೊದಲನೆಯದರ ಕೋಶ ಗಿಡ್ಡ ಮತ್ತು ಅಗಲ. ಒಂದನ್ನು ಇನ್ನೊಂದರ ಬದಲಿಗೆ ಬಳಸುವಂತಿಲ್ಲ. ಆದ್ದರಿಂದ ನಳಿಕೆಯ ಮೇಲೆ ಅಚ್ಚೊತ್ತಿರುವ ಪೂರ್ಣ ಹೆಸರನ್ನು ಕಾಡತೂಸಿನ ತಳದ ಹೆಸರಿನೊಡನೆ ಹೋಲಿಸಿ ನೋಡುವುದು ಬಂದೂಕು ಬಳಕೆಯ ಮೊದಲ ನಿಯಮಗಳಲ್ಲೊಂದು.

ಇತಿಹಾಸ

ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ರಿವಾಲ್ವರಿಗೆ ಅಮೆರಿಕದ ಪೇಟೆಂಟ್ ಪಡೆದನು. ಆಗಿನ ರಿವಾಲ್ವರುಗಳಲ್ಲಿ ಮದ್ದು ಮತ್ತು ಗುಂಡನ್ನು ಸಿಲಿಂಡರಿನ ಮುಂಭಾಗದಿಂದ ಬಿಡಿಬಿಡಿಯಾಗಿ ತುಂಬಬೇಕಾಗಿತ್ತು. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆಯು .22 ಕ್ಯಾಲಿಬರಿನ ಲೋಹಕೋಶದ ಕಾಡತೂಸನ್ನು ಹಿಂದಿನಿಂದ ತುಂಬುವ ರಿವಾಲ್ವರನ್ನು ಹೊರತಂದಿತು. ಆರಪಾರ ಕೊರೆದ ಸಿಲಿಂಡರಿಗೆ ರಾಲಿನ್ ವೈಟ್ ಪಡೆದಿದ್ದ ಪೇಟೆಂಟಿನ ಬಲದಿಂದ ಈ ವಿಧಾನ 1869ರವರೆಗೆ ಅದೇ ಸಂಸ್ಥೆಯ ಹಿಡಿತದಲ್ಲಿತ್ತು. ಆ ಅವಧಿ ಮುಗಿದ ಬಳಿಕ ಕೋಲ್ಟ್ ಸಂಸ್ಥೆಯ 'ಸಿಂಗಲ್ ಆಕ್ಷನ್ ಆರ್ಮಿ' ರಿವಾಲ್ವರು ಬಂದಿತು. .45 ಕೋಲ್ಟ್ ಕಾಡತೂಸಿನ ಈ ಬಂದೂಕನ್ನು ಅಮೆರಿಕದ ಸೇನೆ 1873ರಲ್ಲಿ ಸ್ವೀಕರಿಸಿತು.

1892ರಲ್ಲಿ ಅದೇ ಸೇನೆ ಹಗುರವಾದ .38 ಲಾಂಗ್ ಕೋಲ್ಟ್ ರಿವಾಲ್ವರಿಗೆ ಬದಲಾಯಿತು. ಇದರ ಪರಿಣಾಮ ಫಿಲಿಪೀನ್ಸಿನ ಯುದ್ಧದಲ್ಲಿ ಕಂಡಿತು. ಅಲ್ಲಿನ ಮೋರೋ ಯೋಧರು ಹಲವು ಗುಂಡುಗಳು ತಗುಲಿದ ಮೇಲೂ ಕತ್ತಿ ಹಿಡಿದು ಮುನ್ನುಗ್ಗಿ ಬಂದ ಸಂಗತಿಗಳು ವರದಿಯಾದವು. ಸೇನೆ ಹಳೆಯ .45 ರಿವಾಲ್ವರುಗಳನ್ನು ಉಗ್ರಾಣದಿಂದ ಹೊರತೆಗೆಯಬೇಕಾಯಿತು. 1904ರಲ್ಲಿ ಜಾನ್ ಥಾಂಪ್ಸನ್ ಮತ್ತು ವೈದ್ಯಾಧಿಕಾರಿ ಲೂಯಿ ಲಗಾರ್ಡ್ ಎಂಬ ಸೇನಾಧಿಕಾರಿಗಳು ಷಿಕಾಗೋದ ಜಾನುವಾರು ಕಸಾಯಿಖಾನೆಯಲ್ಲಿ ಬದುಕಿರುವ ದನಗಳ ಮೇಲೂ, ಬೇರೆಡೆ ಮಾನವ ಶವಗಳ ಮೇಲೂ ಗುಂಡು ಹಾರಿಸಿ ಪರೀಕ್ಷೆ ನಡೆಸಿದರು. ಸೇನೆಯ ಕೈಬಂದೂಕಿನ ಕ್ಯಾಲಿಬರ್ .45ಕ್ಕಿಂತ ಕಡಿಮೆ ಇರಬಾರದೆಂದು ಅವರು ಶಿಫಾರಸು ಮಾಡಿದರು. ಪರೀಕ್ಷೆಯ ವಿಧಾನ ಇಂದಿನ ವಿಜ್ಞಾನದ ದೃಷ್ಟಿಯಲ್ಲಿ ದೋಷಪೂರ್ಣವಾದರೂ, 'ದೊಡ್ಡ ಗುಂಡೋ ವೇಗದ ಗುಂಡೋ' ಎಂಬ ವಾದಕ್ಕೆ ಅಲ್ಲಿಂದ ಭದ್ರವಾದ ನೆಲೆ ದೊರೆಯಿತು.

1898ರ ಸುಮಾರಿಗೆ ಬಂದ .38 ಸ್ಪೆಷಲ್ ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದ ಪೊಲೀಸರ ಮುಖ್ಯ ಕಾಡತೂಸಾಗಿತ್ತು. ಹೊಗೆಮದ್ದಿನ ಕಾಲದಲ್ಲಿ ರೂಪುಗೊಂಡದ್ದರಿಂದ ಅದರ ಕೋಶ ಉದ್ದವಾಗಿತ್ತು. ಹೊಗೆರಹಿತ ಮದ್ದಿಗೆ ಅಷ್ಟು ಸ್ಥಳ ಬೇಕಿರಲಿಲ್ಲ. ಉಳಿದ ಸ್ಥಳದಲ್ಲಿ ಹೆಚ್ಚು ಮದ್ದು ತುಂಬಿ ವೇಗ ಹೆಚ್ಚಿಸಬಹುದೆಂದು ಎಲ್ಮರ್ ಕೀತ್, ಫಿಲಿಪ್ ಷಾರ್ಪ್ ಮೊದಲಾದ ಪ್ರಯೋಗಶೀಲರು ತೋರಿಸಿಕೊಟ್ಟರು. ಸ್ಮಿತ್ ಅಂಡ್ ವೆಸನ್ ಸಂಸ್ಥೆಯ ಡಗ್ಲಸ್ ವೆಸನ್ ಮತ್ತು ವಿಂಚೆಸ್ಟರ್ ಸಂಸ್ಥೆಯ ಸಹಯೋಗದಿಂದ 1935ರಲ್ಲಿ .357 ಮ್ಯಾಗ್ನಮ್ ಮಾರುಕಟ್ಟೆಗೆ ಬಂದಿತು. ಅದರ ಕೋಶವನ್ನು .38 ಸ್ಪೆಷಲ್‌ಗಿಂತ ಬೇಕೆಂದೇ ಸುಮಾರು 3.4 ಮಿ.ಮೀ. ಉದ್ದ ಮಾಡಲಾಗಿತ್ತು. ಹೆಚ್ಚಿನ ಒತ್ತಡದ ಈ ಕಾಡತೂಸು ಹಳೆಯ, ದುರ್ಬಲವಾದ .38 ರಿವಾಲ್ವರುಗಳೊಳಗೆ ಕೂರಬಾರದೆಂಬುದೇ ಅದರ ಉದ್ದೇಶ. ಎಲ್ಮರ್ ಕೀತ್ ನಡೆಸಿದ ಮತ್ತಷ್ಟು ಪ್ರಯೋಗಗಳ ಫಲವಾಗಿ 1955ರ ಕೊನೆಯಲ್ಲಿ .44 ಮ್ಯಾಗ್ನಮ್ ಹುಟ್ಟಿತು. 1971ರ 'ಡರ್ಟಿ ಹ್ಯಾರಿ' ಚಲನಚಿತ್ರ ಅದಕ್ಕೆ ಜನಪ್ರಿಯತೆ ತಂದಿತು. ಅದಕ್ಕೂ ಪ್ರಬಲವಾದ .454 ಕಸೂಲ್ 1980ರ ದಶಕದಲ್ಲಿ, .500 ಸ್ಮಿತ್ ಅಂಡ್ ವೆಸನ್ ಮ್ಯಾಗ್ನಮ್ 2003ರಲ್ಲಿ ಮಾರುಕಟ್ಟೆಗೆ ಬಂದವು.

ಪ್ರಮುಖ ಕ್ಯಾಲಿಬರುಗಳು

ಕೆಳಗಿನ ಅಂಕಿಗಳು ಸಾಮಾನ್ಯ ಕಾರ್ಖಾನೆ ಕಾಡತೂಸುಗಳಿಗೆ ಅನ್ವಯಿಸುವ ಅಂದಾಜುಗಳು. ನಳಿಕೆಯ ಉದ್ದ ಮತ್ತು ಗುಂಡಿನ ಬಗೆಯನ್ನು ಅನುಸರಿಸಿ ಇವು ಬದಲಾಗುತ್ತವೆ.

.22 ಲಾಂಗ್ ರೈಫಲ್ (1887): ಗುಂಡಿನ ತೂಕ ಸುಮಾರು 2.6 ಗ್ರಾಂ. ಶಕ್ತಿ ನೂರು ಜೂಲ್‌ನ ಆಸುಪಾಸು. ಹಿಂದೊದೆತ ಅತ್ಯಲ್ಪ. ಅಭ್ಯಾಸಕ್ಕೂ ಅಳಿಲು, ಮೊಲದಂತಹ ಸಣ್ಣ ಪ್ರಾಣಿಗಳ ಬೇಟೆಗೂ ಬಳಕೆ.

.32 ಸ್ಮಿತ್ ಅಂಡ್ ವೆಸನ್ ಲಾಂಗ್ (1896): ಗುಂಡು ಸುಮಾರು 6.4 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 215 ಮೀಟರ್, ಶಕ್ತಿ ಸುಮಾರು 150 ಜೂಲ್. ಭಾರತದಲ್ಲಿ ನಾಗರಿಕರಿಗೆ ದೊರೆಯುವ ರಿವಾಲ್ವರುಗಳ ಮುಖ್ಯ ಕ್ಯಾಲಿಬರ್.

.38 ಸ್ಪೆಷಲ್ (1898): ಗುಂಡು ಸುಮಾರು 10 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 230 ಮೀಟರ್, ಶಕ್ತಿ ಸುಮಾರು 270 ಜೂಲ್.

.357 ಮ್ಯಾಗ್ನಮ್ (1935): ಅದೇ ತೂಕದ ಗುಂಡು, ವೇಗ ಸೆಕೆಂಡಿಗೆ ಸುಮಾರು 375 ಮೀಟರ್, ಶಕ್ತಿ ಸುಮಾರು 720 ಜೂಲ್.

.45 ಕೋಲ್ಟ್ (1873): ಗುಂಡು ಸುಮಾರು 16.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 260 ಮೀಟರ್, ಶಕ್ತಿ ಸುಮಾರು 560 ಜೂಲ್.

.44 ಮ್ಯಾಗ್ನಮ್ (1955): ಗುಂಡು ಸುಮಾರು 15.6 ಗ್ರಾಂ, ಶಕ್ತಿ ಸುಮಾರು 1000ದಿಂದ 1300 ಜೂಲ್.

.454 ಕಸೂಲ್: ಶಕ್ತಿ 2000 ಜೂಲ್‌ಗೂ ಹೆಚ್ಚು. .500 ಸ್ಮಿತ್ ಅಂಡ್ ವೆಸನ್ ಮ್ಯಾಗ್ನಮ್: ಹಲವು ಕಾಡತೂಸುಗಳಲ್ಲಿ 3000 ಜೂಲ್‌ಗೂ ಹೆಚ್ಚು.

ವೇಗದ ಪ್ರಭಾವವನ್ನು ಈ ಪಟ್ಟಿಯಲ್ಲಿಯೇ ಕಾಣಬಹುದು. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ, .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್‌ಗಳ ಗುಂಡಿನ ತೂಕ ಒಂದೇ ಆಗಿದ್ದರೂ, ವೇಗ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾದಾಗ ಶಕ್ತಿ ಎರಡೂವರೆ ಪಟ್ಟು ಮೀರುತ್ತದೆ.

ಗಾಯದ ಸ್ವರೂಪ ಮತ್ತು 'ತಡೆಯುವ ಶಕ್ತಿ'

ಗುಂಡಿನ ಏಟಿಗೆ ಎದುರಾಳಿ ಹಿಂದಕ್ಕೆ ಹಾರಿಬೀಳುವುದು ಚಲನಚಿತ್ರದ ಕಲ್ಪನೆ. ಕ್ರಿಯೆ ಮತ್ತು ಪ್ರತಿಕ್ರಿಯೆ ಸಮವೆಂಬ ನ್ಯೂಟನ್ನನ ನಿಯಮದಂತೆ, ಗುಂಡು ತಗುಲಿದವನನ್ನು ಎತ್ತಿ ಎಸೆಯುವಷ್ಟು ಬಲವಿದ್ದರೆ ಹಾರಿಸಿದವನೂ ಹಾಗೆಯೇ ಬೀಳಬೇಕಾಗುತ್ತದೆ. ಕೈಬಂದೂಕಿನ ಗುಂಡು ಮುಖ್ಯವಾಗಿ ತನ್ನ ದಾರಿಯಲ್ಲಿ ಸಿಕ್ಕ ಅಂಗಾಂಶವನ್ನು ಹರಿದು ಹಾನಿಮಾಡುತ್ತದೆ. ರೈಫಲಿನ ಅತಿವೇಗದ ಗುಂಡು ಸುತ್ತಲಿನ ಅಂಗಾಂಶವನ್ನು ಹಿಗ್ಗಿಸಿ ಮಾಡುವ ಹಾನಿ, ಸಾಮಾನ್ಯ ಕೈಬಂದೂಕಿನ ವೇಗದಲ್ಲಿ ಅಷ್ಟಾಗಿ ಉಂಟಾಗುವುದಿಲ್ಲ. ಆದ್ದರಿಂದ ಗುಂಡು ಎಲ್ಲಿ ತಗುಲಿತು, ಎಷ್ಟು ಆಳಕ್ಕೆ ಹೋಯಿತು ಎಂಬುದೇ ನಿರ್ಣಾಯಕ. ಕ್ಯಾಲಿಬರಿನ ಸ್ಥಾನ ಅವುಗಳ ನಂತರದ್ದು.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರೊಡನೆ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ಕೇಂದ್ರೀಯ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ನ ಇಬ್ಬರು ಅಧಿಕಾರಿಗಳು ಹತರಾದರು, ಐವರು ಗಾಯಗೊಂಡರು. ಆರಂಭದಲ್ಲಿಯೇ ಒಬ್ಬ ದರೋಡೆಕೋರನಿಗೆ ತಗುಲಿದ್ದ ಮಾರಕ ಗುಂಡು ಹೃದಯವನ್ನು ತಲುಪುವ ಮೊದಲೇ ನಿಂತಿತ್ತು. ಅವನು ಆ ಬಳಿಕವೂ ಹೋರಾಟ ಮುಂದುವರಿಸಿದನು. ಈ ದುರಂತದ ನಂತರ ಎಫ್.ಬಿ.ಐ. ಮಾಂಸಕ್ಕೆ ಸಮಾನವಾದ ಸಾಂದ್ರತೆಯ ಜೆಲಟಿನ್ ಗಟ್ಟಿಯಲ್ಲಿ ಗುಂಡುಗಳನ್ನು ಪರೀಕ್ಷಿಸುವ ಮಾನದಂಡವನ್ನು ರೂಪಿಸಿತು. ಗುಂಡು ಕನಿಷ್ಠ 12 ಅಂಗುಲ, ಗರಿಷ್ಠ 18 ಅಂಗುಲ, ಅಂದರೆ ಸುಮಾರು 30ರಿಂದ 45 ಸೆಂ.ಮೀ. ಆಳಕ್ಕೆ ಹೋಗಬೇಕೆಂಬುದು ಅದರ ತಿರುಳು. ಗಾಯಗಳನ್ನು ಕುರಿತು ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ ನಡೆಸಿದ ಅಧ್ಯಯನಗಳು ಈ ಚಿಂತನೆಗೆ ಆಧಾರವಾದವು.

ಗುಂಡಿನ ಆಕಾರವೂ ಮುಖ್ಯ. ತುದಿಯಲ್ಲಿ ಟೊಳ್ಳಿರುವ 'ಹಾಲೋ ಪಾಯಿಂಟ್' ಗುಂಡು ಒಳಹೊಕ್ಕಾಗ ಅಣಬೆಯಂತೆ ಅರಳಿ ಬೇಗ ನಿಲ್ಲುತ್ತದೆ. ಗಡಸು ಸೀಸದ ಚಪ್ಪಟೆ ಮೂತಿಯ ಗುಂಡು ಅರಳದೆ ಆಳಕ್ಕೆ ಇಳಿಯುತ್ತದೆ. ಮೊದಲನೆಯದು ಸಾಮಾನ್ಯವಾಗಿ ಆತ್ಮರಕ್ಷಣೆಗೂ ಎರಡನೆಯದು ದೊಡ್ಡ ಪ್ರಾಣಿಗಳ ಬೇಟೆಗೂ ಬಳಕೆಯಾಗುತ್ತದೆ.

ಹಿಂದೊದೆತ

ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ. ಗುಂಡಿನ ಸಂವೇಗವನ್ನು ಬಂದೂಕಿನ ತೂಕದಿಂದ ಭಾಗಿಸಿದರೆ ಬಂದೂಕು ಹಿಂದಕ್ಕೆ ಚಲಿಸುವ ವೇಗ ದೊರೆಯುತ್ತದೆ. ಮೇಲಿನ ಪಟ್ಟಿಯ .357 ಮ್ಯಾಗ್ನಮ್ ಗುಂಡನ್ನು ಒಂದು ಕಿಲೋಗ್ರಾಂ ತೂಕದ ರಿವಾಲ್ವರಿನಿಂದ ಹಾರಿಸಿದಾಗ, ಮದ್ದಿನ ಅನಿಲದ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೆ, ಬಂದೂಕು ಸೆಕೆಂಡಿಗೆ ಸುಮಾರು 3.8 ಮೀಟರ್ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಹಿಂದೊದೆತದ ಶಕ್ತಿ ಸುಮಾರು 7 ಜೂಲ್. ಅದೇ ಗುಂಡು ಅದೇ ವೇಗದಲ್ಲಿ ಅರ್ಧ ಕಿಲೋಗ್ರಾಂ ತೂಕದ ಬಂದೂಕಿನಿಂದ ಹೊರಟರೆ ಈ ಶಕ್ತಿ ಇಮ್ಮಡಿಯಾಗುತ್ತದೆ. ಜೇಬಿಗೆ ಹಗುರವಾದ ಬಂದೂಕು ಕೈಗೆ ಕಠಿಣವಾಗುವುದು ಈ ಕಾರಣದಿಂದ.

ತೀವ್ರವಾದ ಹಿಂದೊದೆತವು ಹಾರಿಸುವವರಲ್ಲಿ ಬೆಚ್ಚುವ ಅಭ್ಯಾಸವನ್ನು ಬೆಳೆಸುತ್ತದೆ. ಕುದುರೆಯನ್ನು ಎಳೆಯುವ ಮುನ್ನವೇ ಕೈ ಅದುರಿ ಗುರಿ ತಪ್ಪುತ್ತದೆ. ಎರಡನೆಯ ಗುಂಡಿಗೆ ಬಂದೂಕನ್ನು ಮತ್ತೆ ಗುರಿಗೆ ತರಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅತಿ ಹಗುರವಾದ ರಿವಾಲ್ವರುಗಳಲ್ಲಿ ಹಿಂದೊದೆತದ ಜಗ್ಗಿಗೆ ಇನ್ನೂ ಹಾರದ ಕಾಡತೂಸುಗಳ ಗುಂಡು ಕೋಶದಿಂದ ಮುಂದಕ್ಕೆ ಸರಿದು, ಸಿಲಿಂಡರ್ ತಿರುಗದಂತೆ ಸಿಕ್ಕಿಹಾಕಿಕೊಳ್ಳುವುದೂ ಉಂಟು. ಇವುಗಳೊಡನೆ ಸದ್ದಿನ ಅಪಾಯವೂ ಸೇರಿದೆ. ಸ್ಫೋಟದಂತಹ ಕ್ಷಣಿಕ ಸದ್ದು 140 ಡೆಸಿಬೆಲ್ ಮೀರಿದರೆ ಕಿವಿಗೆ ಶಾಶ್ವತ ಹಾನಿಯಾಗಬಹುದು. ಮ್ಯಾಗ್ನಮ್ ರಿವಾಲ್ವರುಗಳ ಸದ್ದು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಸಿಲಿಂಡರಿಗೂ ನಳಿಕೆಗೂ ನಡುವಣ ಸಂದಿಯಿಂದ ಬಿಸಿ ಅನಿಲ ಹೊರಚಿಮ್ಮುವುದರಿಂದ ಬೆರಳನ್ನು ಆ ಭಾಗದ ಸಮೀಪ ಇಡಬಾರದು.

ಬೇಟೆಗೆ ಕ್ಯಾಲಿಬರ್

ಕೈಬಂದೂಕಿನ ಬೇಟೆಯಲ್ಲಿ ಒಪ್ಪಿತವಾದ ಮೂಲತತ್ತ್ವವೆಂದರೆ ಪ್ರಾಣಿ ನರಳದೆ ಬೇಗ ಸಾಯಬೇಕು ಎಂಬುದು. ಶಕ್ತಿ ಸಾಲದ ಗುಂಡು ತಗುಲಿದ ಪ್ರಾಣಿ ಓಡಿಹೋಗಿ, ಬೇಟೆಗಾರನ ಕೈಗೆ ಸಿಗದೆ, ದಿನಗಟ್ಟಲೆ ನರಳಿ ಸಾಯುವ ಸಂಭವವಿದೆ. ಅಪಾಯಕಾರಿ ಪ್ರಾಣಿಯಾದರೆ ಗಾಯಗೊಂಡು ಮತ್ತೊಬ್ಬರ ಮೇಲೆ ಎರಗಬಹುದು. ಈ ಕಾರಣದಿಂದ ಅಮೆರಿಕದ ಹಲವು ರಾಜ್ಯಗಳು ಜಿಂಕೆಯ ಬೇಟೆಗೆ ಬಳಸುವ ಕೈಬಂದೂಕಿನ ಕನಿಷ್ಠ ಕ್ಯಾಲಿಬರ್, ನಳಿಕೆಯ ಕನಿಷ್ಠ ಉದ್ದ ಅಥವಾ ಗುಂಡಿನ ಕನಿಷ್ಠ ಶಕ್ತಿಯನ್ನು ನಿಯಮದ ಮೂಲಕ ಗೊತ್ತುಪಡಿಸಿವೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ.

ಸಣ್ಣ ಪ್ರಾಣಿಗಳಿಗೆ .22 ಸಾಕಾಗುತ್ತದೆ. ದೊಡ್ಡ ಗುಂಡು ಅವುಗಳ ಮಾಂಸವನ್ನೇ ಹಾಳುಮಾಡುತ್ತದೆ. ಬಿಳಿಬಾಲದ ಜಿಂಕೆಗೆ .357 ಮ್ಯಾಗ್ನಮನ್ನು ಬಹುಮಟ್ಟಿಗೆ ಕನಿಷ್ಠವೆಂದು ಪರಿಗಣಿಸಲಾಗುತ್ತದೆ. ಅದೂ ಸುಮಾರು 45 ಮೀಟರಿನೊಳಗೆ, ಉದ್ದ ನಳಿಕೆಯ ಬಂದೂಕಿನಿಂದ, ನುರಿತವರ ಕೈಯಲ್ಲಿ ಮಾತ್ರ. .44 ಮ್ಯಾಗ್ನಮ್ ಜಿಂಕೆ ಮತ್ತು ಕಾಡುಹಂದಿಗಳಿಗೆ ಹೆಚ್ಚು ನೆಚ್ಚಿನದು. ಅನುಭವಿಗಳು ಅದನ್ನು ಸುಮಾರು 90 ಮೀಟರ್ ದೂರದವರೆಗೆ ಬಳಸುತ್ತಾರೆ. ಎಲ್ಕ್, ಮೂಸ್‌ಗಳಂತಹ ಭಾರೀ ಪ್ರಾಣಿಗಳಿಗೆ .454 ಕಸೂಲ್ ಮತ್ತು ಅದಕ್ಕಿಂತ ಪ್ರಬಲವಾದವು ಬಳಕೆಯಲ್ಲಿವೆ. ಡಗ್ಲಸ್ ವೆಸನ್ ತನ್ನ ಹೊಸ .357 ಮ್ಯಾಗ್ನಮ್‌ನ ಪ್ರಚಾರಕ್ಕಾಗಿ ಅದರಿಂದ ಭಾರೀ ಪ್ರಾಣಿಗಳನ್ನೇ ಬೇಟೆಯಾಡಿ ತೋರಿಸಿದ್ದನು. ಇಂದಿನ ಬೇಟೆಗಾರರು ಅದನ್ನು ಅನುಸರಿಸತಕ್ಕ ಮಾದರಿಯೆಂದು ಭಾವಿಸುವುದಿಲ್ಲ.

ನಳಿಕೆಯ ಉದ್ದ ಇಲ್ಲಿ ಗಮನಾರ್ಹ. ಮ್ಯಾಗ್ನಮ್ ಕಾಡತೂಸಿನ ನಿಧಾನವಾಗಿ ಉರಿಯುವ ಮದ್ದು ಪೂರ್ಣ ಫಲ ಕೊಡಲು ಆರು ಅಂಗುಲ ಅಥವಾ ಅದಕ್ಕೂ ಉದ್ದದ ನಳಿಕೆ ಬೇಕು. ಎರಡು ಅಂಗುಲದ ನಳಿಕೆಯಲ್ಲಿ ಅದೇ ಕಾಡತೂಸು ವೇಗವನ್ನು ಗಣನೀಯವಾಗಿ ಕಳೆದುಕೊಳ್ಳುತ್ತದೆ. ಉರಿಯದ ಮದ್ದು ನಳಿಕೆಯ ಬಾಯಲ್ಲಿ ಬೆಂಕಿಯಾಗಿ ಹೊರಬೀಳುತ್ತದೆ.

ಅಲಾಸ್ಕಾ ಮೊದಲಾದೆಡೆ ಕರಡಿಯ ದಾಳಿಯ ಭಯದಿಂದ .44 ಮ್ಯಾಗ್ನಮ್ ಅಥವಾ ಅದಕ್ಕೂ ದೊಡ್ಡ ರಿವಾಲ್ವರನ್ನು ಸೊಂಟದಲ್ಲಿ ಧರಿಸುವ ರೂಢಿಯಿದೆ. ಇಲ್ಲಿ ಅರಳದೆ ಆಳಕ್ಕೆ ಇಳಿಯುವ ಗುಂಡನ್ನು ಆಯ್ಕೆಮಾಡಲಾಗುತ್ತದೆ. ಏಕೆಂದರೆ ಕರಡಿಯ ದಪ್ಪ ಸ್ನಾಯು ಮತ್ತು ಮೂಳೆಗಳನ್ನು ಹಾಲೋ ಪಾಯಿಂಟ್ ಗುಂಡು ದಾಟದೆ ಹೋಗಬಹುದು. ಆದರೆ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯು ಪ್ರವಾಸಿಗರಿಗೆ ಕರಡಿಗಳನ್ನು ತಡೆಯಲೆಂದೇ ತಯಾರಿಸಿದ ಖಾರದ ಸ್ಪ್ರೇಯನ್ನು ಶಿಫಾರಸು ಮಾಡುತ್ತದೆ. ಎರಗಿ ಬರುವ ಕರಡಿಯ ಮರ್ಮಕ್ಕೆ ರಿವಾಲ್ವರಿನಿಂದ ಗುರಿಯಿಡುವುದು ಕಷ್ಟ. ಸ್ಪ್ರೇಯ ಮೋಡಕ್ಕೆ ಅಷ್ಟು ನಿಖರತೆ ಬೇಕಿಲ್ಲ.

ಆತ್ಮರಕ್ಷಣೆಗೆ ಕ್ಯಾಲಿಬರ್

ಆತ್ಮರಕ್ಷಣೆಯ ಅಗತ್ಯಗಳು ಬೇಟೆಯ ಅಗತ್ಯಗಳಿಗೆ ಬಹುಮಟ್ಟಿಗೆ ವಿರುದ್ಧವಾಗಿವೆ. ಬೇಟೆಗಾರನಿಗೆ ಗುರಿಯಿಡಲು ಸಮಯವಿರುತ್ತದೆ, ಬಂದೂಕು ಭಾರವಾಗಿದ್ದರೂ ನಡೆಯುತ್ತದೆ. ಆತ್ಮರಕ್ಷಣೆಯಲ್ಲಿ ದೂರ ಕೆಲವೇ ಮೀಟರು, ಸಮಯ ಕೆಲವೇ ಕ್ಷಣ, ಬಂದೂಕು ದಿನವಿಡೀ ಒಯ್ಯುವಷ್ಟು ಹಗುರವಾಗಿರಬೇಕು. ಗುರಿ ತಪ್ಪಿದ ಅಥವಾ ದೇಹವನ್ನು ದಾಟಿಹೋದ ಗುಂಡು ಗೋಡೆಯಾಚೆಯ ನಿರಪರಾಧಿಯನ್ನು ಕೊಲ್ಲಬಹುದು.

ಈ ಕಾರಣಗಳಿಂದ .38 ಸ್ಪೆಷಲ್ ನೂರು ವರ್ಷಗಳ ಬಳಿಕವೂ ಸಣ್ಣ ರಿವಾಲ್ವರುಗಳಲ್ಲಿ ಉಳಿದುಕೊಂಡಿದೆ. 1927ರ ಕೋಲ್ಟ್ 'ಡಿಟೆಕ್ಟಿವ್ ಸ್ಪೆಷಲ್' ಮತ್ತು 1950ರ ಸ್ಮಿತ್ ಅಂಡ್ ವೆಸನ್ 'ಚೀಫ್ಸ್ ಸ್ಪೆಷಲ್' ಈ ಬಗೆಯ ಪ್ರಸಿದ್ಧ ಮಾದರಿಗಳು. .357 ಮ್ಯಾಗ್ನಮ್ ರಿವಾಲ್ವರನ್ನು ಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ಅದರಲ್ಲಿ .38 ಸ್ಪೆಷಲ್ ಕಾಡತೂಸನ್ನೂ ಹಾರಿಸಬಹುದು. ಹೀಗೆ ಅಭ್ಯಾಸಕ್ಕೂ ಮನೆಯ ರಕ್ಷಣೆಗೂ ಮೃದುವಾದ ಕಾಡತೂಸು, ಬೇಟೆಗೆ ಪ್ರಬಲವಾದ ಕಾಡತೂಸು ಎಂಬ ಹಂಚಿಕೆ ಒಂದೇ ಬಂದೂಕಿನಲ್ಲಿ ಸಾಧ್ಯವಾಗುತ್ತದೆ. ಎರಡೂ ಉದ್ದೇಶಗಳಿಗೆ ಒಂದೇ ರಿವಾಲ್ವರನ್ನು ಬಯಸುವವರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಅಂಗುಲ ನಳಿಕೆಯ .357 ಮ್ಯಾಗ್ನಮನ್ನು ಸೂಚಿಸಲಾಗುವುದು ಇದರಿಂದಲೇ. ಇದೇ ಬಗೆಯ ಹೊಂದಾಣಿಕೆ .44 ಮ್ಯಾಗ್ನಮ್ ಮತ್ತು .44 ಸ್ಪೆಷಲ್, .454 ಕಸೂಲ್ ಮತ್ತು .45 ಕೋಲ್ಟ್ ಜೋಡಿಗಳಲ್ಲಿಯೂ ಇದೆ. ದೊಡ್ಡದರಲ್ಲಿ ಸಣ್ಣದು ಹಾರುತ್ತದೆ, ಸಣ್ಣದರಲ್ಲಿ ದೊಡ್ಡದನ್ನು ಹಾರಿಸುವಂತಿಲ್ಲ. ಗಿಡ್ಡ ಕಾಡತೂಸುಗಳನ್ನು ಬಹಳವಾಗಿ ಹಾರಿಸಿದರೆ ಸಿಲಿಂಡರಿನೊಳಗೆ ಮಸಿಯ ಉಂಗುರ ಕಟ್ಟಿ ಉದ್ದ ಕಾಡತೂಸು ಕೂರಲು ತೊಡಕಾಗುವುದರಿಂದ ಆಗಾಗ ಶುಚಿಗೊಳಿಸಬೇಕು.

ಕೈಯಲ್ಲಿ ಬಲ ಕಡಿಮೆಯಿರುವವರಿಗೆ, ವೃದ್ಧರಿಗೆ .32 ಅಥವಾ .22 ಕ್ಯಾಲಿಬರನ್ನು ಕೆಲವು ತರಬೇತುದಾರರು ಸೂಚಿಸುತ್ತಾರೆ. ಗುರಿಗೆ ತಗುಲಿದ ಸಣ್ಣ ಗುಂಡು ಗುರಿ ತಪ್ಪಿದ ದೊಡ್ಡ ಗುಂಡಿಗಿಂತ ಮೇಲೆಂಬುದು ಅವರ ವಾದ. ಒಳಹೊಗುವ ಆಳ ಸಾಲದೆಂಬುದು ಇತರರ ಆಕ್ಷೇಪ.

ಕ್ಯಾಲಿಬರಿನ ಚರ್ಚೆಯಲ್ಲಿ ಮರೆಯಾಗುವ ಅಂಶವೆಂದರೆ ಮನೆಯಲ್ಲಿ ಬಂದೂಕು ಇರುವುದರಿಂದಲೇ ಉಂಟಾಗುವ ಅಪಾಯ. ಅಮೆರಿಕದಲ್ಲಿ ಬಂದೂಕಿನಿಂದ ಸಂಭವಿಸುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಮಕ್ಕಳ ಕೈಗೆ ಸಿಕ್ಕ ಬಂದೂಕಿನಿಂದ ಆಗುವ ಆಕಸ್ಮಿಕ ಸಾವುಗಳು ಇವುಗಳಿಂದ ಬೇರೆ. ಈ ಸಂದರ್ಭಗಳಲ್ಲಿ ಅತ್ಯಂತ ಸಣ್ಣ ಕ್ಯಾಲಿಬರೂ ಮಾರಕವೇ. ಆದ್ದರಿಂದ ಬಂದೂಕನ್ನು ಬೀಗ ಹಾಕಿ ಇಡುವುದು, ಕಾಡತೂಸುಗಳನ್ನು ಬೇರೆಡೆ ಇಡುವುದು, ಮನೆಯಲ್ಲಿ ಯಾರಾದರೂ ಮಾನಸಿಕ ಸಂಕಟದಲ್ಲಿದ್ದಾಗ ಬಂದೂಕನ್ನು ಮನೆಯಿಂದಲೇ ಹೊರಗಿಡುವುದು ಮುಖ್ಯವಾದ ಎಚ್ಚರಿಕೆಗಳು.

ಕಾನೂನು

ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2008ರ ಹೆಲರ್ ಪ್ರಕರಣದಲ್ಲಿ, ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕನ್ನು ಹೊಂದುವುದು ವ್ಯಕ್ತಿಯ ಸಾಂವಿಧಾನಿಕ ಹಕ್ಕೆಂದು ತೀರ್ಪು ನೀಡಿತು. ಬ್ರಿಟನ್ನಿನಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾಗಿದೆ. 1996ರಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳು ಮತ್ತು ಅವರ ಶಿಕ್ಷಕಿ ಗುಂಡಿಗೆ ಬಲಿಯಾದ ನಂತರ, 1997ರ ಶಾಸನಗಳು ಗ್ರೇಟ್ ಬ್ರಿಟನ್ನಿನಲ್ಲಿ ನಾಗರಿಕರು ಕೈಬಂದೂಕು ಹೊಂದುವುದನ್ನು ಬಹುತೇಕ ನಿಷೇಧಿಸಿದವು.

ಭಾರತದಲ್ಲಿ ಬಂದೂಕು ಹೊಂದುವುದು ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳ ಅಡಿಯಲ್ಲಿ ಪರವಾನಗಿ ಪಡೆಯಬೇಕು. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕ್ಯಾಲಿಬರುಗಳನ್ನು 'ನಿಷೇಧಿತ ಬೋರ್' ಮತ್ತು 'ಅನಿಷೇಧಿತ ಬೋರ್' ಎಂದು ವಿಂಗಡಿಸಲಾಗಿದೆ. ಸೇನೆ ಮತ್ತು ಪೊಲೀಸರ ಬಳಕೆಯ .38, .455, 9 ಮಿ.ಮೀ. ಮೊದಲಾದವು ಸಾಮಾನ್ಯ ನಾಗರಿಕರಿಗೆ ದೊರೆಯುವುದಿಲ್ಲ. ಆದ್ದರಿಂದ ಅಮೆರಿಕದಲ್ಲಿ ಆಯ್ಕೆಯ ಪ್ರಶ್ನೆಯಾಗಿರುವುದು ಭಾರತದಲ್ಲಿ ಬಹುಮಟ್ಟಿಗೆ .32 ಮತ್ತು .22 ಎಂಬ ಎರಡು ಅಂಕಿಗಳಿಗೆ ಸೀಮಿತವಾಗುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ .32 ರಿವಾಲ್ವರುಗಳು ಇಲ್ಲಿ ಹೆಚ್ಚು ಪರಿಚಿತ. ಟೈಟಾನಿಯಂ ಮಿಶ್ರಲೋಹದಿಂದ ಮಾಡಿದ, ಸುಮಾರು ಅರ್ಧ ಕಿಲೋಗ್ರಾಂ ತೂಕದ 'ನಿರ್ಭೀಕ್' ರಿವಾಲ್ವರನ್ನು 2014ರಲ್ಲಿ ಮಹಿಳೆಯರನ್ನು ಉದ್ದೇಶಿಸಿ ಬಿಡುಗಡೆ ಮಾಡಲಾಯಿತು. ಅದರ ಬೆಲೆ ಒಂದು ಲಕ್ಷ ರೂಪಾಯಿಗೂ ಹೆಚ್ಚಾಗಿದ್ದುದು ಮತ್ತು ಬಂದೂಕು ಮಹಿಳೆಯರ ಸುರಕ್ಷತೆಗೆ ಪರಿಹಾರವೇ ಎಂಬ ಪ್ರಶ್ನೆ ವ್ಯಾಪಕ ಚರ್ಚೆಗೆ ಕಾರಣವಾದವು.

ಪರವಾನಗಿ ಇದ್ದ ಮಾತ್ರಕ್ಕೆ ಗುಂಡು ಹಾರಿಸುವ ಅಧಿಕಾರ ದೊರೆಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡಲು ಈ ಹಕ್ಕು ಅವಕಾಶ ಕೊಡುವುದಿಲ್ಲ. ಬೇಟೆಯ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಮು ಅನುಸೂಚಿಯಲ್ಲಿರುವ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಮನುಷ್ಯರ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಗಳೇ ಮೊದಲಾದ ಕೆಲವು ಸಂದರ್ಭಗಳಲ್ಲಿ 11ನೆಯ ಕಲಮಿನಂತೆ ಅಧಿಕೃತ ಅನುಮತಿ ಸಾಧ್ಯ. ಹೀಗಾಗಿ ಬೇಟೆಗೆ ರಿವಾಲ್ವರ್ ಎಂಬ ಪ್ರಶ್ನೆಯೇ ಭಾರತದಲ್ಲಿ ಉದ್ಭವಿಸುವುದಿಲ್ಲ. ಬೆಳೆ ರಕ್ಷಣೆಗೆ ಶಸ್ತ್ರಾಸ್ತ್ರ ಕಾಯ್ದೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೋವಿಯ ಮಾತನ್ನು, ರಿವಾಲ್ವರಿನದನ್ನಲ್ಲ.

ಕರ್ನಾಟಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವುದೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಅಲ್ಲಿನ ಸಂಪ್ರದಾಯ. ಹಿಂದೆ ಬೇಟೆಯ ಋತುವಿನ ಆರಂಭವಾಗಿದ್ದ ಈ ಹಬ್ಬ ಇಂದು ಆಚರಣೆಯಾಗಿ ಉಳಿದಿದೆ. ಪರವಾನಗಿಯ ವಿನಾಯಿತಿ ವನ್ಯಜೀವಿ ಕಾಯ್ದೆಗೆ ಅನ್ವಯಿಸುವುದಿಲ್ಲ.

ಆಯ್ಕೆಯ ತತ್ತ್ವಗಳು

ಶಸ್ತ್ರ ತರಬೇತಿಯ ಬರಹಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಲಹೆಗಳನ್ನು ಹೀಗೆ ಸಂಗ್ರಹಿಸಬಹುದು.

ಮೊದಲು ಉದ್ದೇಶ, ಬಳಿಕ ಕಾನೂನು, ಆಮೇಲೆ ಕ್ಯಾಲಿಬರ್ ಎಂಬ ಕ್ರಮವನ್ನು ಅನುಸರಿಸಬೇಕು.

ತಾನು ನಿಖರವಾಗಿ ಹಾರಿಸಬಲ್ಲ ಕ್ಯಾಲಿಬರುಗಳಲ್ಲಿ ಉದ್ದೇಶಕ್ಕೆ ಸಾಕಾಗುವುದನ್ನು ಆರಿಸಬೇಕು. ಅತ್ಯಂತ ಪ್ರಬಲವಾದುದನ್ನು ಬಯಸುವ ಅಗತ್ಯವಿಲ್ಲ.

ಕಾಡತೂಸಿನ ಬೆಲೆ ಮತ್ತು ದೊರಕುವಿಕೆಯನ್ನು ಗಮನಿಸಬೇಕು. ದುಬಾರಿಯಾದ ಕಾಡತೂಸಿನಿಂದ ಅಭ್ಯಾಸ ಕುಂಠಿತವಾಗುತ್ತದೆ.

ಬಂದೂಕು ಯಾವ ಒತ್ತಡಕ್ಕೆ ತಯಾರಾಗಿದೆ ಎಂಬುದನ್ನು ತಿಳಿದಿರಬೇಕು. ಆಧುನಿಕ ಗಟ್ಟಿ ಬಂದೂಕಿಗಾಗಿ ತಯಾರಿಸಿದ ಪ್ರಬಲ .45 ಕೋಲ್ಟ್ ಕಾಡತೂಸನ್ನು ಹತ್ತೊಂಬತ್ತನೆಯ ಶತಮಾನದ ಬಂದೂಕಿನಲ್ಲಿ ಹಾರಿಸಿದರೆ ಸಿಲಿಂಡರ್ ಸಿಡಿದು ಹಾರಿಸಿದವರಿಗೇ ಅಪಾಯವಾಗಬಹುದು.

ಗುರಿಯ ಹಿಂದೆ ಏನಿದೆ ಎಂಬುದನ್ನು ಅರಿಯದೆ ಯಾವ ಕ್ಯಾಲಿಬರಿನ ಗುಂಡನ್ನೂ ಹಾರಿಸಬಾರದು.

ಪೊಲೀಸ್ ಪಡೆಗಳು 1980ರ ದಶಕದಿಂದ ಹೆಚ್ಚು ಗುಂಡು ಹಿಡಿಯುವ ಅರೆಸ್ವಯಂಚಾಲಿತ ಪಿಸ್ತೂಲುಗಳತ್ತ ಹೊರಳಿದ್ದರಿಂದ ರಿವಾಲ್ವರು ಸೇವಾ ಆಯುಧವಾಗಿ ಹಿಂದೆ ಸರಿಯಿತು. ಆದರೂ ಸರಳ ರಚನೆ ಮತ್ತು ಪಿಸ್ತೂಲಿನಲ್ಲಿ ಸುಲಭವಾಗಿ ಅಳವಡಿಸಲಾಗದ ಪ್ರಬಲ ಕಾಡತೂಸುಗಳನ್ನು ಹಾರಿಸುವ ಸಾಮರ್ಥ್ಯದ ಕಾರಣದಿಂದ ಅದು ಅಮೆರಿಕದಲ್ಲಿ ಬೇಟೆಗಾರರ ಮತ್ತು ನಾಗರಿಕರ ಬಳಕೆಯಲ್ಲಿ ಮುಂದುವರಿದಿದೆ.